ಚಿಕ್ಕದೇ ಸಾಕು

ಸೊಂಟದ ಮೂಳೆ ಮುರಿದು ಮಲಗಿದ್ದ ಅತ್ತೆಗೆ ಕುಕ್ಕರಿನಲ್ಲಿ ಮಾಡಿದ ಕಾಲುಸೂಪು ಸೇರುತ್ತಿರಲಿಲ್ಲ. ನೀರುನೀರು ಎಂದು ಲೋಟ ತಳ್ಳುತ್ತಿದ್ದರು.

“ಸ್ಲೋ ಕುಕ್ಕರ್ ತಗೊಳ್ಳೋಣ ಕಣ್ರೀ. ಎಂಟು ಗಂಟೆ ಸಣ್ಣಗೆ ಬೆಂದ್ರೆ ಸೌದೆ ಒಲೆ ರುಚಿನೇ ಬರುತ್ತಂತೆ,” ಎಂದಳು ಸೊಸೆ.

“ಅವ್ವ ಎದ್ದು ಓಡಾಡಿದ್ಮೇಲೆ ಅದು ಅಟ್ಟಕ್ಕೇ ತಾನೆ? ಆಫರ್ ಬರಲಿ, ತಡಿ,” ಎಂದ ಗಂಡ.

ಮೂರು ವಾರ ಅವನು ಮೊಬೈಲಿನಲ್ಲಿ ಬೆಲೆ ನೋಡುತ್ತಲೇ ಇದ್ದ. ದೊಡ್ಡದೋ ಚಿಕ್ಕದೋ ಎಂದು ಕೇಳುತ್ತಲೇ ಇದ್ದ. “ಕುಡಿಯೋರು ಒಬ್ರೇ, ಚಿಕ್ಕದೇ ಸಾಕು,” ಎಂದು ಹೇಳಿ ಹೇಳಿ ಅವಳು ಸೋತಳು.

ಕೊನೆಗೂ ಚಿಕ್ಕದೇ ಬಂತು. ಬೆಳಗಿನಿಂದ ಬೆಂದ ಸೂಪು ಗಟ್ಟಿಯಾಗಿತ್ತು. ಮೆಣಸಿನ ಘಮ ಮನೆಯೆಲ್ಲ ಹರಡಿತ್ತು. ಅವನೇ ಬಟ್ಟಲಿಗೆ ಬಗ್ಗಿಸಿದ.

“ಉಪ್ಪು ನೋಡಿದ್ಯಾ? ಕಮ್ಮಿಯಾದ್ರೆ ಅವ್ವಂಗೆ ಆಗಲ್ಲ.”

“ಫೋಟೋ ಮುಂದೆ ಎಡೆಗಿಡೋದನ್ನ ಯಾರಾದ್ರೂ ರುಚಿ ನೋಡ್ತಾರೇನ್ರೀ?”