ಕಸ್ತೂರಿಯ ಖಾತೆ

ಊರಿನವರ ನೆನಪುಗಳೆಲ್ಲ ಸರ್ವರ್‌ಗೆ ಸೇರಿದ ಮೇಲೆ, ಯಾರ ನೆನಪಿನಲ್ಲಿ ಯಾರಿರಬೇಕೆಂದು ನೋಡಿಕೊಳ್ಳುವುದು ದಾಕ್ಷಾಯಿಣಿಯ ಕೆಲಸ. ಗಂಡ ಮುರಿಗೆಪ್ಪನ ನೆನಪಿನಲ್ಲಿ, ತಮ್ಮಿಬ್ಬರ ಮದುವೆ ಕುದುರಿಸಿದ ಕಸ್ತೂರಿಯ ಖಾತೆ ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ನಿನ್ನೆ ಊಟಕ್ಕೆ ಕೂತವನು, "ಕಸ್ತೂರಿ ಮಾಡೋ ಎಣಗಾಯಿ ರುಚೀನ ಬ್ಯಾರೆ" ಅಂದುಬಿಟ್ಟಿದ್ದ.

ಇಂದು ಕಚೇರಿಗೆ ಬಂದವಳೇ ಆ ಖಾತೆ ಅಳಿಸಲು ಕೂತಳು. 'ಇವರು ಮಾಡಿದ ಗುಂಪುಗಳೂ ಹೋಗುತ್ತವೆ, ಸರಿಯೇ?' ಎಂದು ಪರದೆ ಕೇಳಿತು.

"ಹೋಗ್ಲಿ, ಪೀಡಾ!" ಎಂದು ಒತ್ತಿದಳು.

ಒತ್ತಿದ ಮೇಲೆ ಹೊಳೆಯಿತು. ಗಂಡನ ತಲೆಯ ನೆನಪು ಒಂದು ಕಂಪನಿಯ ಖಾತೆಯಲ್ಲಿ, ತನ್ನದು ಇನ್ನೊಂದರಲ್ಲಿ; ಒಂದಕ್ಕೊಂದು ನೇರವಾಗಿ ಕೂಡುತ್ತಿರಲಿಲ್ಲ. ಅವನ ನೆನಪಿನಲ್ಲಿ ತಾನಿದ್ದದ್ದೇ ಮದುವೆಯ ದಿನ ಕಸ್ತೂರಿ ಇಬ್ಬರನ್ನೂ ಸೇರಿಸಿ ಕಟ್ಟಿಕೊಟ್ಟ ಗುಂಪಿನ ಮೂಲಕ.

ಮಧ್ಯಾಹ್ನ ಮುರಿಗೆಪ್ಪ ಎಂದಿನಂತೆ ಊಟದ ಡಬ್ಬಿ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

"ಅಕ್ಕಾರ, ಈ ಬುತ್ತಿ ಯಾರಿಗೆ ತಂದೀನೋ ನೆನಪಾಗವಲ್ದು. ನಿಮಗೇನರ ಗೊತ್ತೈತೇನ್ರಿ?"