ಇಳಿಯದ ವಿಮಾನದಿಂದ ಇಳಿದವನು

ಗಂಡ ಕುಳಿತಿದ್ದ ವಿಮಾನ ಪರದೆಯ ಮೇಲೆ ಗಿರಕ್ಕನೆ ಹಿಂದಕ್ಕೆ ತಿರುಗಿತು. ಲಾಂಡ್ರಿಯಾಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕಂಪ್ಯೂಟರಿನತ್ತ ಬಗ್ಗಿದಳು.

ಆ ಪರದೆ ಸುಳ್ಳು ಹೇಳುವಂಥದ್ದಲ್ಲ. ಅವಳ ಮಹಡಿಯ ಮೇಲೆ, ಒಣಗುವ ಹೊದಿಕೆಗಳ ನಡುವೆ, ಒಂದು ಆಂಟೆನಾ ನಿಂತಿತ್ತು. ಹಾರುವ ವಿಮಾನಗಳು ತಾವು ಎಲ್ಲಿದ್ದೇವೆಂದು ಸದಾ ಕೂಗುತ್ತಿರುತ್ತವೆ. ಆ ಕೂಗನ್ನು ಮನೆಯಲ್ಲೇ ಹಿಡಿದು ಲೋಕಕ್ಕೆಲ್ಲ ಹಂಚುವ ಸ್ವಯಂಸೇವಕರಲ್ಲಿ ಅವಳೂ ಒಬ್ಬಳು. ಸಂಬಳವಿಲ್ಲ, ಸನ್ಮಾನವಿಲ್ಲ. ನಾದಿನಿಯಂತೂ ಅದನ್ನು ಪುಕ್ಕಟೆ ಟಿವಿ ನೋಡುವ ಕಂಬಿ ಎಂದೇ ನಂಬಿದ್ದಳು.

ವಿಮಾನ ಹೊರಟಲ್ಲಿಗೇ ಬಂದು ಇಳಿಯಿತು. ಮತ್ತೆ ಮೇಲೇಳಲಿಲ್ಲ. ಗಂಡ ಹೋಗಬೇಕಿದ್ದ ಊರಿಗೆ ದಿನಕ್ಕೆ ಅದೊಂದೇ ವಿಮಾನ. ಪಾಪ, ಗಾಬರಿಯಾಗಿದ್ದಾನೋ ಏನೋ ಎಂದು ಅವಳು ಫೋನಿಗೆ ಕೈ ಹಾಕುವಷ್ಟರಲ್ಲಿ ಅವನದೇ ಕರೆ ಬಂತು.

"ಈಗ ತಾನೇ ಇಳಿದೆ ಕಣೇ. ಬೆಣ್ಣೆ ಸವರಿದ ಹಾಗೆ ಇಳಿಸಿದ ಪುಣ್ಯಾತ್ಮ! ಕಿಟಕಿ ಪಕ್ಕದ ಸೀಟು ಬೇರೆ. ಮೋಡ ಅಂದ್ರೆ ಹತ್ತಿ ಹಿಂಜಿದ ಹಾಗೆ!"

"ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಾ?"

"ಏನು ತೊಂದ್ರೆ? ಮಗು ಹಾಗೆ ನಿದ್ದೆ ಮಾಡಿದೆ."

ನಿದ್ದೆ ಮಾಡಿದವನು ಮೋಡ ಯಾವಾಗ ನೋಡಿದ ಎಂದು ಅವಳು ಕೇಳಲಿಲ್ಲ. ಫೋನಿಟ್ಟು ಕುಳಿತಳು. ತಲೆಯೊಳಗೆ ಹುಳ ಹೊಕ್ಕಿತ್ತು.

ಗಂಡ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಊರೂರು ತಿರುಗಿ ದೊಡ್ಡವರಿಗೆ ಪಾಠ ಹೇಳುವವನು. ಪಾಠ ಕೇಳಿದ ಹೆಂಗಸರು ಮನೆಗೆ ಫೋನು ಮಾಡುವುದುಂಟು. "ಸರ್ ಇದ್ದಾರಾ? ಅವರು ಹೇಳಿದ ಹಾಗೇ ಕಣ್ಣು ಮುಚ್ಕೊಂಡೆ. ಮೊದಲು ಹೊಟ್ಟೇಲಿ ಕಚಗುಳಿ, ಆಮೇಲೆ ತೇಲಿದ ಹಾಗಿತ್ತು ರೀ!" ಇಷ್ಟು ದಿನ ಅವಳು ನಗುತ್ತಲೇ ಫೋನನ್ನು ಗಂಡನ ಕೈಗೆ ಕೊಡುತ್ತಿದ್ದಳು. ಈಗ ನಗು ಬರಲಿಲ್ಲ.

ಕೋಟಿನ ಕಥೆಯೂ ಇತ್ತು. ಪ್ರತಿ ಪ್ರವಾಸದ ನಂತರ ಅದರ ಎಡಭುಜದ ಮೇಲೆ ತಲೆಯೆಣ್ಣೆಯ ಕಲೆ. ಯಾರೋ ಒರಗಿ ಮಲಗಿದ ಕಲೆ. ಲಾಂಡ್ರಿಯವಳಿಗೆ ಕಲೆಯ ಜಾತಕ ಗೊತ್ತಾಗದೇ ಇರುತ್ತದೆಯೇ? ಗೊತ್ತಿದ್ದೂ ಸೋಪು ಹಾಕಿ ಉಜ್ಜಿದ್ದಳು ಅಷ್ಟೇ.

ನಾದಿನಿಗೆ ಹೇಳಿದರೆ ಸಮಾಧಾನ ಸಿಕ್ಕೀತೆಂದು ಹೇಳಿದಳು. ಬೆಂಕಿಗೆ ಸೀಮೆಎಣ್ಣೆ ಸಿಕ್ಕಿತು.

"ನಮ್ಮಣ್ಣ ಅಂತ ಬಿಟ್ಟುಕೊಡೋಕಾಗಲ್ಲ ಅತ್ತಿಗೆ. ಆದ್ರೆ ಈ ವಯಸ್ಸಲ್ಲಿ ಗಂಡಸರಿಗೆ ರೆಕ್ಕೆ ಬರುತ್ತೆ."

ಅವನು ವಾಪಸು ಬರುವ ದಿನ ಅವಳು ಅಂಗಡಿ ಮುಚ್ಚಿ ವಿಮಾನ ನಿಲ್ದಾಣಕ್ಕೇ ಹೋದಳು. ಆ ಊರಿನ ವಿಮಾನ ಇಳಿಯಿತು. ಪ್ರಯಾಣಿಕರು ಬಂದರು, ಅವರ ಪೆಟ್ಟಿಗೆಗಳು ಬಂದವು, ಕೊನೆಗೆ ಆಕಳಿಸುತ್ತ ಪೈಲಟ್ಟೂ ಬಂದ. ಗಂಡ ಬರಲಿಲ್ಲ. ಫೋನು ಬಂತು.

"ಇಳಿದೆ ಕಣೇ. ಸೂಟ್‌ಕೇಸಿಗೆ ಕಾಯ್ತಾ ಇದ್ದೀನಿ."

ಅವನ ಮಾತಿನ ಹಿಂದೆಯೇ ಒಂದು ಸೀಟಿ. ಅದರ ಹಿಂದೆ ಯಾರದೋ ಗದರಿಕೆ: "ಒಳಗೆ ನಡೀರಿ! ಬಾಗಿಲಲ್ಲಿ ನೇತಾಡಬೇಡಿ! ಮುಂದಿನದು ಕೊನೇ ಸ್ಟಾಪು!"

ವಿಮಾನದ ಬಾಗಿಲಲ್ಲಿ ಯಾರೂ ನೇತಾಡುವುದಿಲ್ಲ. ಅವಳು ಟ್ಯಾಕ್ಸಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದಳು. ಮನೆ ಯಾರಿಗೆ, ಇಸ್ತ್ರಿಪೆಟ್ಟಿಗೆ ಯಾರಿಗೆ ಎಂದು ದಾರಿಯಲ್ಲೇ ಪಾಲು ಮಾಡಿದಳು. ನಾದಿನಿಯನ್ನು ಗಂಡನ ಪಾಲಿಗೆ ಬಿಟ್ಟಳು.

ದೂರದೂರಿನ ಬಸ್ಸು ಬಂದು ನಿಂತಿತು. ಗಂಡ ಇಳಿದ. ಅವನ ಹಿಂದೆ ಇಳಿಯುವವಳಿಗಾಗಿ ಇವಳು ಸೆರಗು ಸಿಕ್ಕಿಸಿ ನಿಂತಳು. ಇಳಿದವನು ಒಬ್ಬ ದಢೂತಿ ಮನುಷ್ಯ, ತಲೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಒಳ್ಳೇ ದಿಂಬು ಸಾರ್ ನಿಮ್ಮ ಭುಜ," ಎಂದು ತಟ್ಟಿ ಹೋದ.

ಭುಜ ಒರೆಸಿಕೊಳ್ಳುತ್ತ ತಿರುಗಿದ ಗಂಡ ಹೆಂಡತಿಯನ್ನು ಕಂಡ.

"ವಿಮಾನ ಎಲ್ರೀ?" ಎಂದಳು.

ಅವನು ತಲೆ ತಗ್ಗಿಸಿದ. "ಒಂದ್ಸಲಾನೂ ಹತ್ತಿಲ್ಲ ಕಣೇ. ಅದರ ಮೆಟ್ಟಿಲು ನೋಡಿದ್ರೇ ಕೈಕಾಲು ತಣ್ಣಗಾಗುತ್ತೆ. ಯಾವಾಗ್ಲೂ ಬಸ್ಸೇ."

"ಆ ಮೋಡ? ಹತ್ತಿ?"

"ಬಾಯಿಗೆ ಬಂದದ್ದು."

ಬೈಯಬೇಕೆಂದು ಬಾಯಿ ತೆರೆದಳು. ನಗು ಉಕ್ಕಿ ಬಂತು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡ ಬೆಂಕಿಯೆಲ್ಲ ನಗುವಾಗಿ, ಕಣ್ಣೀರಾಗಿ ಸುರಿಯಿತು. ಬಸ್ಸಿಗೆ ಒರಗಿ ನಿಂತು ನಕ್ಕಳು.

"ನಗು, ನಗು. ಆದ್ರೆ ನಿನ್ನ ದಮ್ಮಯ್ಯ, ಯಾರ ಹತ್ರಾನೂ ಬಾಯಿ ಬಿಡಬೇಡ. ನಾಳೆ ಯಾವ ಮುಖ ಇಟ್ಕೊಂಡು ಪಾಠ ಮಾಡ್ಲಿ?"

"ಇಲ್ಲ ಬಿಡ್ರಿ," ಎಂದು ಅವಳು ಅವನ ಚೀಲ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ತುಂಬಿದ ಸಭಾಂಗಣದೆದುರು ಅವನು ಎದೆ ಸೆಟೆಸಿ ನಿಂತು ಎಂದಿನಂತೆ ಪಾಠ ಶುರುಮಾಡಿದ: "ವಿಮಾನ ಹತ್ತೋಕೆ ಭಯಾನಾ? ನನ್ನನ್ನ ನೋಡಿ ಕಲೀರಿ!"