ಕೇಳಿಸಿಕೊಳ್ಳುವ ಪಾಠ

ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೋಹಿತಾಶ್ವ ಪ್ರೊಡಕ್ಷನ್ ಮ್ಯಾನೇಜರ್. ಅವನ ಬೈಗುಳ ತಾಳಲಾರದೆ ಒಂದೇ ವರ್ಷದಲ್ಲಿ ನಲವತ್ತು ಮಂದಿ ಕೆಲಸ ಬಿಟ್ಟರು. ಕೊನೆಗೆ ಕಂಪನಿ ಅವನಿಗೆ ಮಾತು ಕಲಿಸಲು ವಿನುತಾ ಎಂಬ ತರಬೇತುದಾರರನ್ನು ಗೊತ್ತುಮಾಡಿತು.

"ಮಾತು ನಿಮಗೆ ಬರುತ್ತೆ. ಕೇಳಿಸಿಕೊಳ್ಳೋದನ್ನ ಕಲೀಬೇಕು," ಅಂದರು ಆಕೆ. "ಒಂದು ಪ್ರಶ್ನೆ ಕೇಳಿ ಸುಮ್ಮನಿರಿ. ಎದುರಿಗಿರೋರು ಬಾಯಿ ಬಿಡೋವರೆಗೂ ಕಾಯಿರಿ."

ಎರಡು ತಿಂಗಳಲ್ಲಿ ಅವನ ದನಿ ಇಳಿಯಿತು. ಆ ಬದಲಾವಣೆ ಅವನಿಗೂ ಹಿತವಾಗಿತ್ತು. ಒಂದು ದಿನ ಕಾಲರ್ ಹೊಲಿಯುವ ಚಿಕ್ಕತಾಯಮ್ಮನನ್ನು ಕ್ಯಾಬಿನ್ನಿಗೆ ಕರೆದು ಕುರ್ಚಿ ತೋರಿಸಿದ. ಆಕೆ ಕೂರಲಿಲ್ಲ.

"ನನ್ನ ಹತ್ರ ಹೇಳಬೇಕು ಅಂದ್ಕೊಂಡು ಹೇಳೋಕೆ ಆಗದೇ ಹೋಗಿದ್ದು ಏನಾದ್ರೂ ಇದೆಯೇನಮ್ಮ?"

ಆಕೆ ನೆಲ ನೋಡುತ್ತ ನಿಂತಳು. ಹೊರಗೆ ಮಷಿನ್‌ಗಳು ಸದ್ದು ಮಾಡುತ್ತಲೇ ಇದ್ದವು. ಅವನು ತಾಳ್ಮೆಯಿಂದ ಕಾದ.

"ಹೋದ ವರ್ಷ ಮಗಳಿಗೆ ಜ್ವರ ನೆತ್ತಿಗೇರಿತ್ತು ಸಾರ್. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಬೇಗ ಬಿಡಿ ಅಂತ ಕೇಳೋಕೆ ಬಂದಿದ್ದೆ. ನಾನು ಬಾಯಿ ತೆಗೆಯೋಕೂ ಮುಂಚೆ, ಹೋಗಿ ಮಷಿನ್ ಮುಂದೆ ಕೂತ್ಕೋ ಅಂತ ಕೂಗಿದ್ರಿ."

ಅವನಿಗೆ ಅದು ನೆನಪಿರಲಿಲ್ಲ. ಆದರೆ ಈ ಸಲ ಅಡ್ಡ ಮಾತಾಡಲಿಲ್ಲ, ಸಮಜಾಯಿಷಿ ಕೊಡಲಿಲ್ಲ. ಮೆತ್ತಗೆ ಕೇಳಿದ: "ತಪ್ಪಾಯ್ತಮ್ಮ. ಈಗ ಹೇಗಿದ್ದಾಳೆ ಮಗಳು?"

ಚಿಕ್ಕತಾಯಮ್ಮ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು.

"ಮಾರನೇ ದಿನ ಅವಳನ್ನ ಮಣ್ಣು ಮಾಡೋಕೆ ಅಂತ ಬರೆದುಕೊಟ್ಟ ರಜೆ ಚೀಟಿಗೆ ನೀವೇ ಅಲ್ವಾ ಸಾರ್ ಸಹಿ ಹಾಕಿದ್ದು, ಅರ್ಧ ದಿನಕ್ಕೆ."